ಬಾವಿಯ ಗೋಡೆಯ ಹಂಸಪಾದಿ

ಕಳೆದ ಸಂಚಿಕೆಯಲ್ಲಿ ನಾವು ದೊಡ್ಡಪತ್ರೆಯ ಕುಂಡದ ವಿಚಾರವಾಗಿ ಬರೆದುದನ್ನು ಓದಿ, ದಾವಣಗೆರೆಯ ಕಡೆಯ ಸೋದರಿಯೊಬ್ಬರು ಕೃಪೆಯಿಟ್ಟು ಒಂದು ಕಾಗದ ಬರೆದಿರುವರು. ಸಸಿ ಮಾರುವವರಲ್ಲಿಂದ ಅವರು ಒಂದು ಜರೀಗಿಡವನ್ನು ತಂದರಂತೆ. ಕರಿಯ ರೇಷ್ಮೆಯ ದಾರದಂಥ ಕಡ್ಡಿ, ಅದರ ತುಂಬ ಕೊತ್ತಂಬರಿ ಸೊಪ್ಪಿಗಿಂತಲೂ ನಯವಾದ ಎಲೆ, ನೋಡಿದವರೆಲ್ಲರೂ ಮೆಚ್ಚಿದರಂತೆ. ನಡುಮನೆಯಲ್ಲಿ ಎಲ್ಲರ ಕಣ್ಣಿಗೆ ಬೀಳುವ ಸ್ಥಳದಲ್ಲಿ, ಫ್ಯಾನಿನ ಕೆಳಗೆ ಅದನ್ನಿರಿಸಿ, ದಿನಕ್ಕೆರಡು ಸಲ ಕುಂಡ ತುಂಬ ನೀರು ಹನಿಸಿ, ಎಲೆಯ ಮೇಲೂ ತುಂತುರು ಹೊಡೆದು ಸಲಹಿದರೂ, ಹದಿನೈದು ದಿನಗಳೊಳಗೆ ಎಲೆಗಳೆಲ್ಲವೂ ಹಪ್ಪಳದಂತೆ ಮುರಿದು ಉದುರಿದವಂತೆ. ‘ನೀರನ್ನೇ ಬಯಸುವ ಗಿಡವೆಂದು ಹೇಳಿ ಕೊಟ್ಟರು, ನೀರು ಕೊಟ್ಟೆ, ಆದರೂ ಒಣಗಿತು. ನಾನು ಮಾಡಿದ ತಪ್ಪೇನು?’ ಎಂಬುದು ಅವರ ಪ್ರಶ್ನೆ.

ಈ ಕಾಗದವನ್ನು ಓದಿ ಮೊದಲು ನಮಗೆ ನಗು ಬಂದಿತು. ಎರಡನೆಯ ಸಲ ಓದುವಾಗ ನಾಚಿಕೆಯಾಯಿತು. ಏಕೆಂದರೆ ಇದೇ ಜಾತಿಯ ಎರಡು ಗಿಡಗಳನ್ನು ನಾವು ನಮ್ಮ ಕೈಯಾರೆ ಕೊಂದಿದ್ದೇವೆ. ಅಷ್ಟೇ ಆಗಿದ್ದರೆ ಹೇಳುವ ಅಗತ್ಯವಿರಲಿಲ್ಲ. ಅದನ್ನು ಮುಚ್ಚಿಡಲು ಸುಳ್ಳನ್ನೂ ಹೇಳಿದ್ದೇವೆ. ಆ ಕಥೆ ಮುಂದೆ ಬರುವುದು.

ಮೊದಲು ಗಿಡದ ಪರಿಚಯ. ಸೋದರಿಯವರು ವರ್ಣಿಸಿರುವ ಗಿಡವನ್ನು ಸಸ್ಯಶಾಸ್ತ್ರಜ್ಞರು ಅಡಿಯಾಂಟಂ ಎಂಬ ಕುಲಕ್ಕೆ ಸೇರಿಸುತ್ತಾರೆ. ಈ ಹೆಸರು ಗ್ರೀಕ್ ಭಾಷೆಯದು. ‘ಒದ್ದೆಯಾಗದ್ದು’ ಎಂದು ಅರ್ಥ. ಇದರ ಎಲೆಯ ಮೇಲೆ ನೀರು ಬಿದ್ದರೆ ಅಂಟಿಕೊಳ್ಳದೆ ಮುತ್ತಿನಂತೆ ಉರುಳಿಹೋಗುವುದು. ಕ್ರಿಸ್ತನಿಗಿಂತ ಸುಮಾರು ಮುನ್ನೂರು ವರ್ಷ ಹಿಂದಿನವನಾದ ಥಿಯೊಫ್ರಾಸ್ಟಸನೆಂಬ ಗ್ರೀಕ್ ಪಂಡಿತನೇ ಇದನ್ನು ಗಮನಿಸಿ ಬರೆದಿಟ್ಟಿರುವನು. ಪದ್ಮಪತ್ರದ ದೃಷ್ಟಾಂತವನ್ನು ಬಾಲ್ಯದಿಂದಲೂ ಕೇಳಿ ಬೆಳೆದ ನಮಗೆ ಇದು ವಿಶೇಷವಾಗಿ ತೋರದಿರಬಹುದು. ಆದರೆ ವೈಚಿತ್ರ್ಯವನ್ನು ನೋಡಿರಿ: ತೇವವಿಲ್ಲದೆ ಒಂದು ವಾರವೂ ಬಾಳಲಾರದ ಗಿಡಕ್ಕೆ ಒದ್ದೆಯಾಗದ್ದೆಂದು ಹೆಸರು! ಸೋದರಿಯವರ ಪ್ರಶ್ನೆಗೆ ಉತ್ತರದ ಅರ್ಧಭಾಗ ಈ ಹೆಸರಿನಲ್ಲಿಯೇ ಅಡಗಿದೆ.

ನಮ್ಮ ಮಲೆನಾಡಿನಲ್ಲಿಯೂ ಕರಾವಳಿಯಲ್ಲಿಯೂ ಮಳೆಗಾಲದಲ್ಲಿ ದರೆಗಳ ಮೇಲೆ, ಕಲ್ಲುಗೋಡೆಗಳ ಸಂದಿನಲ್ಲಿ ತಾನಾಗಿ ಹುಟ್ಟುವ ಒಂದು ಅಡಿಯಾಂಟಂ ಉಂಟು. ಇದರ ಕಿರುಎಲೆ ಅರ್ಧಚಂದ್ರಾಕಾರವಾಗಿರುವುದು. ಇದೇ ಆಯುರ್ವೇದದಲ್ಲಿ ಹಂಸಪದೀ ಎಂದು ಪ್ರಸಿದ್ಧವಾದ ಮೂಲಿಕೆ. ಕನ್ನಡದಲ್ಲಿ ಹಂಸಪಾದಿ ಎನ್ನುವರು. 1753ರಲ್ಲಿ ಲಿನೇಯಸನು ಇದಕ್ಕೆ ಕೊಟ್ಟ ಶಾಸ್ತ್ರೀಯ ನಾಮಧೇಯ ಅಡಿಯಾಂಟಂ ಫಿಲಿಪ್ಪೆನ್ಸೆ. ಶಾಕುಂತಲ ನಾಟಕವನ್ನು ಓದಿದವರಿಗೆ ಐದನೆಯ ಅಂಕದ ಹಂಸಪದಿಕೆಯ ನೆನಪಾಗಬಹುದು. ತನ್ನನ್ನು ಮರೆತ ರಾಜನಿಗೆ ಚುಚ್ಚುವಂತೆ ತೆರೆಯ ಹಿಂದಿನಿಂದ ಹಾಡುವ ರಾಣಿ ಅವಳು. ಗಿಡಕ್ಕೂ ಆಕೆಗೂ ಸಂಬಂಧವೇನೂ ಇಲ್ಲ. ಆದರೂ ಕುಂಡದಲ್ಲಿ ಬಾಡಿದ ಹಂಸಪಾದಿಯನ್ನು ನೋಡಿದಾಗಲೆಲ್ಲ ನಮಗೆ ಆ ಹಾಡಿನ ಪ್ರಸಂಗವೇ ಮನಸ್ಸಿಗೆ ಬರುತ್ತಿತ್ತು. ಔಷಧದ ವಿಚಾರವನ್ನು ನಾವು ಇಲ್ಲಿ ಎತ್ತುವುದಿಲ್ಲ. ಅದು ವೈದ್ಯರ ಕೆಲಸ. ಕುಂಡದ ಎಲೆಯನ್ನು ಕಿತ್ತು ಕಷಾಯ ಮಾಡುವ ಸಾಹಸಕ್ಕೆ ಯಾರೂ ಕೈಹಾಕಕೂಡದು.

ತೀರ್ಥಹಳ್ಳಿಯ ಸೀಮೆಯಲ್ಲಿ ನಮ್ಮ ಹಿರಿಯರ ಮನೆಯಿತ್ತು. ಮನೆಯ ಹಿಂದೆ ಜಂಬಿಟ್ಟಿಗೆ ಕಲ್ಲು ಕಟ್ಟಿದ ಬಾವಿ. ಅದರ ಒಳಗೋಡೆಯ ತುಂಬ ಹಂಸಪಾದಿ. ಬಾಲ್ಯದಲ್ಲಿ ಬಿಂದಿಗೆ ಇಳಿಬಿಡುವಾಗ ಹಗ್ಗ ತಗುಲಿ ಎಲೆಗಳು ಅಲ್ಲಾಡುತ್ತಿದ್ದುದು ಈಗಲೂ ನಮ್ಮ ಕಣ್ಣಿಗೆ ಕಟ್ಟಿದೆ. 2021ರಲ್ಲಿ ಪಾಲುಪಟ್ಟಿಯಾಗಿ ಆ ಮನೆ ಪರರಿಗೆ ಮಾರಾಟವಾಯಿತು. ಕೊಂಡವರು ಕೊಳವೆಬಾವಿ ತೆಗೆಸಿ, ಹಳೆಯ ಬಾವಿಗೆ ಮಣ್ಣು ತುಂಬಿಸುವುದಾಗಿ ಮೊದಲೇ ಹೇಳಿದ್ದರು. ಅವರನ್ನು ದೂರುವುದಕ್ಕಿಲ್ಲ, ಮಕ್ಕಳಿರುವ ಮನೆ. ಬೀಗದ ಕೈ ಕೊಡುವ ದಿನ ಬೆಳಿಗ್ಗೆ ನಮ್ಮ ಅಕ್ಕ ಬಾವಿಕಟ್ಟೆಯ ಮೇಲೆ ಬಗ್ಗಿ, ಕೈಗೆಟುಕಿದ ಮೇಲಿನ ವರಸೆಯ ಕಲ್ಲಿನಿಂದ ಒಂದು ಬುಡವನ್ನು ಪಾಚಿಯ ಸಮೇತ ಬಿಡಿಸಿಕೊಂಡಳು. ಅಡಿಕೆಯ ಹಾಳೆಯಲ್ಲಿ ಸುತ್ತಿ, ತೊಡೆಯ ಮೇಲಿಟ್ಟುಕೊಂಡು ಬಸ್ಸಿನಲ್ಲಿ ಮೈಸೂರಿಗೆ ತಂದಳು. ಮೂರು ಭಾಗ ಮಾಡಿ ಮೂರು ಕುಂಡಗಳಲ್ಲಿ ತಾನೇ ನೆಟ್ಟು, ‘ಅಪ್ಪಯ್ಯನ ಬಾವಿಯದು ಇನ್ನು ಇಷ್ಟೇ ಮಾರಾಯಾ, ಜೋಪಾನ’ ಎಂದು ಹೇಳಿ ಹೊರಟುಹೋದಳು.

ಮುವ್ವತ್ತು ವರ್ಷಗಳಿಗೂ ಮೇಲ್ಪಟ್ಟು ಮಕ್ಕಳಿಗೆ ಪಾಠ ಹೇಳಿದವರಿಗೆ ಒಂದು ದೋಷ ಅಂಟಿಕೊಳ್ಳುವುದು: ಕೇಳದೆಯೇ ಎಲ್ಲವೂ ತಿಳಿದಿದೆಯೆಂಬ ಭ್ರಾಂತಿ. ಗಿಡಕ್ಕೆ ಬೆಳಕು ಬೇಕಲ್ಲವೆ ಎಂದು ಮೊದಲನೆಯ ಕುಂಡವನ್ನು ಪಶ್ಚಿಮದ ಕಿಟಕಿಯ ಮೇಲಿಟ್ಟೆವು. ಸಂಜೆಯ ಬಿಸಿಲಿಗೆ ಅದು ಒಂದು ವಾರದಲ್ಲಿ ಕರಕಲಾಯಿತು. ಹಾಗಾದರೆ ಇದಕ್ಕೆ ನೀರು ಸಾಲದೆಂದು ಎರಡನೆಯ ಕುಂಡಕ್ಕೆ ಹೊತ್ತಿಗೊಂದು ಚೊಂಬು ನೀರು ಹೊಯ್ದೆವು. ಅದರ ಎಲೆ ಬುಡದಿಂದ ಹಳದಿಯಾಗುತ್ತ ಬಂದು, ಸಂಕ್ರಾಂತಿಯ ಹೊತ್ತಿಗೆ ಬುಡವನ್ನು ಮುಟ್ಟಿದರೆ ಕೊಳೆತ ವಾಸನೆ ಬರುತ್ತಿತ್ತು. ಮೂರನೆಯದನ್ನು ಮುಟ್ಟುವುದಕ್ಕೇ ಹೆದರಿದೆವು. ಇಷ್ಟರಲ್ಲಿ ಅಕ್ಕ ಪ್ರತಿ ಭಾನುವಾರವೂ ಟೆಲಿಫೋನಿನಲ್ಲಿ ಉಭಯಕುಶಲೋಪರಿಯಾದ ಮೇಲೆ ‘ಗಿಡ ಹೇಗಿದೆಯೋ?’ ಎಂದು ಕೇಳುವಳು. ನಾವು ‘ಚೆನ್ನಾಗಿದೆ ಅಕ್ಕಾ’ ಎನ್ನುವೆವು. ಸತ್ಯವನ್ನೇ ನುಡಿಯಬೇಕೆಂಬ ಉಪನಿಷತ್ತಿನ ವಾಕ್ಯವನ್ನು ಎಷ್ಟು ತಂಡ ಮಕ್ಕಳಿಗೆ ಬಾಯಿಪಾಠ ಮಾಡಿಸಿದ್ದೆವೋ ಲೆಕ್ಕವಿಲ್ಲ.

ಈಗ ಸೋದರಿಯವರ ಪ್ರಶ್ನೆಗೆ ಬರೋಣ. ತೇವವೆಂದರೆ ಒಂದೇ ಅಲ್ಲ, ಎರಡುಂಟು: ಮಣ್ಣಿನ ತೇವ ಒಂದು, ಗಾಳಿಯ ತೇವ ಒಂದು. ಈ ಗಿಡಕ್ಕೆ ಎರಡೂ ಬೇಕು. ಆದರೆ ನಾವು ಮನೆಗಳಲ್ಲಿ ಕೊಡುವುದು ಮಣ್ಣಿನದನ್ನು ಮಾತ್ರ, ಅದನ್ನೂ ಅತಿಯಾಗಿ. ಆಗುಂಬೆಯಲ್ಲಿ ವರ್ಷಕ್ಕೆ 7000 ಮಿಲಿಮೀಟರಿಗೂ ಮೇಲೆ ಮಳೆ ಬೀಳುವುದು. ಮೈಸೂರಿನಲ್ಲಿ ಸುಮಾರು 800. ಆದರೆ ಆ ಮಳೆಯ ನೀರೆಲ್ಲ ಹಂಸಪಾದಿಯ ಬೇರಿನಲ್ಲಿ ನಿಲ್ಲುವುದಿಲ್ಲ. ಕಡಿದಾದ ದರೆಯಲ್ಲಿ, ಲಂಬವಾದ ಗೋಡೆಯಲ್ಲಿ ನೀರು ನಿಲ್ಲುವುದಾದರೂ ಎಲ್ಲಿ? ಬೇರನ್ನು ಸವರಿಕೊಂಡು ಹರಿದುಹೋಗುವುದು. ಬೇರಿಗೆ ಸದಾ ತಂಪು, ಸದಾ ಉಸಿರು. ಎಲೆಯ ಸುತ್ತ ತೇವ ತುಂಬಿದ ನಿಶ್ಚಲವಾದ ಗಾಳಿ. ಬಾವಿಯೆಂದರೆ ಇವೆಲ್ಲವೂ ಕೂಡಿದ ಸ್ಥಳ. ಕುಂಡದಲ್ಲಿ ಎಷ್ಟು ನೀರು ಹೊಯ್ದರೂ ಬಾವಿಯಾಗುವುದಿಲ್ಲ, ಹೊಂಡವಾಗುವುದು.

ಇದರ ಎಲೆ ಬಹು ತೆಳು. ಕಳ್ಳಿ ಮೊದಲಾದ ಗಿಡಗಳಂತೆ ಇದರಲ್ಲಿ ನೀರಿನ ಸಂಗ್ರಹವಿಲ್ಲ. ಒಣಗಾಳಿ ಬೀಸಿದರೆ ಬೇರು ಏರಿಸಿಕೊಡುವುದಕ್ಕಿಂತ ಬೇಗನೆ ಎಲೆಯ ನೀರು ಆರಿಹೋಗುವುದು. ಮಾರ್ಚ್ ತಿಂಗಳ ಮಧ್ಯಾಹ್ನ ನಮ್ಮ ಬಯಲುಸೀಮೆಯ ಊರುಗಳಲ್ಲಿ ಗಾಳಿಯ ಆರ್ದ್ರತೆ ಶೇಕಡಾ 30ರ ಸುತ್ತಮುತ್ತ ಇಳಿಯುವುದುಂಟು. ಈ ಗಿಡಕ್ಕೆ ಶೇಕಡಾ 50 ಆದರೂ ಇರಬೇಕು; 60ಕ್ಕೆ ಮೇಲಿದ್ದರೆ ನೆಮ್ಮದಿ. ಅದರ ಮೇಲೆ ಫ್ಯಾನು ತಿರುಗಿದರೆ, ಅಥವಾ ಗಾಳಿಯನ್ನು ತಂಪು ಮಾಡುವ ಯಂತ್ರದ ಮುಂದಿಟ್ಟರೆ, ಬಟ್ಟೆ ಒಣಗಿಸಿದಂತೆಯೇ ಸರಿ. ಸೋದರಿಯವರ ಗಿಡದ ಎಲೆ ಒಣಗಾಳಿಯಿಂದ ಹೋಯಿತು, ಬೇರು ನಿಂತ ನೀರಿನಿಂದ ನೊಂದಿತು ಎಂದು ನಮ್ಮ ಊಹೆ. ತುಂತುರು ಹೊಡೆದರಲ್ಲ ಎಂದರೆ, ಆ ನೀರು ಎಲೆಗೆ ಹತ್ತುವುದಿಲ್ಲವೆಂದು ಹೆಸರೇ ಹೇಳುವುದು. ಗಾಳಿಯಲ್ಲಿ ಅದರ ಪ್ರಭಾವ ಕೆಲವು ನಿಮಿಷಗಳದು ಮಾತ್ರ. ಹೊಡೆದವರಿಗೆ ಸಮಾಧಾನ, ಗಿಡಕ್ಕೆ ಹೆಚ್ಚಿನ ಪ್ರಯೋಜನವಿಲ್ಲ.

ಗಾಳಿಯ ತೇವವನ್ನು ಹಿಡಿದಿಡುವುದಕ್ಕೆ ಇರುವ ಅತ್ಯುತ್ತಮವಾದ ಉಪಾಯವನ್ನು ಕಂಡುಹಿಡಿದುದೂ ಇಂಥ ಒಂದು ಸೋಲಿನಿಂದಲೇ. ಲಂಡನ್ ನಗರದ ಪೂರ್ವಭಾಗದಲ್ಲಿ ನಥಾನಿಯಲ್ ವಾರ್ಡ್ ಎಂಬ ವೈದ್ಯರಿದ್ದರು. ಜರೀಗಿಡಗಳೆಂದರೆ ಅವರಿಗೆ ಪ್ರಾಣ. ಆದರೆ ಊರಿನ ಇದ್ದಲ ಹೊಗೆಗೆ ಅವರು ನೆಟ್ಟುದೆಲ್ಲ ಸಾಯುತ್ತಿತ್ತು. 1829ರಲ್ಲಿ ಅವರು ಒಂದು ಪತಂಗದ ಕೋಶವನ್ನು ಒದ್ದೆಮಣ್ಣಿನಲ್ಲಿಟ್ಟು ಗಾಜಿನ ಸೀಸೆಯಲ್ಲಿ ಮುಚ್ಚಿಟ್ಟರು. ಹಗಲು ಮಣ್ಣಿನಿಂದೆದ್ದ ಆವಿ ಗಾಜಿಗೆ ಹನಿಗಟ್ಟಿ ಮತ್ತೆ ಮಣ್ಣಿಗೇ ಇಳಿಯುತ್ತಿದ್ದುದನ್ನು ನೋಡುತ್ತಿರಲು, ಕೆಲವು ದಿನಗಳಲ್ಲಿ ಆ ಮಣ್ಣಿನಲ್ಲಿ ಒಂದು ಜರೀಗಿಡವೂ ಒಂದು ಹುಲ್ಲೂ ತಾವಾಗಿ ಹುಟ್ಟಿದವು. ಹೊರಗೆ ಎಷ್ಟು ಆರೈಕೆ ಮಾಡಿದರೂ ಬಾಳದ ಗಿಡ ಮುಚ್ಚಿದ ಸೀಸೆಯಲ್ಲಿ ಯಾರೂ ನೀರೆರೆಯದೆ ವರ್ಷಗಟ್ಟಲೆ ಬಾಳಿತು. 1833ರಲ್ಲಿ ವಾರ್ಡರು ಇಂಥ ಗಾಜಿನ ಪೆಟ್ಟಿಗೆಗಳಲ್ಲಿ ಗಿಡಗಳನ್ನು ತುಂಬಿ ಹಡಗಿನಲ್ಲಿ ಆಸ್ಟ್ರೇಲಿಯದ ಸಿಡ್ನಿಗೆ ಕಳುಹಿಸಿದರು. ತಿಂಗಳುಗಟ್ಟಲೆಯ ಪ್ರಯಾಣವಾದರೂ ಅವು ಜೀವಂತವಾಗಿ ತಲುಪಿದವು. ಚೀನಾ ದೇಶದಿಂದ ರಾಬರ್ಟ್ ಫಾರ್ಚೂನ್ ಎಂಬವನು ಚಹದ ಸಸಿಗಳನ್ನು ನಮ್ಮ ಹಿಮಾಲಯದ ತಪ್ಪಲಿಗೆ ತಂದುದೂ ಈ ಪೆಟ್ಟಿಗೆಗಳಲ್ಲಿಯೇ.

ನಮ್ಮ ಮನೆಗಳಲ್ಲಿ ಇದಕ್ಕೆ ಹೆಚ್ಚಿನ ಖರ್ಚಿಲ್ಲ. ಅಂಗಡಿಗಳಲ್ಲಿ ಬಿಸ್ಕತ್ತು ತುಂಬಿಡುವ ಅಗಲಬಾಯಿಯ ಗಾಜಿನ ಜಾಡಿ, ಮೊಮ್ಮಕ್ಕಳ ಉತ್ಸಾಹವಿಳಿದು ಅಟ್ಟ ಸೇರಿರುವ ಮೀನಿನ ತೊಟ್ಟಿ, ಯಾವುದಾದರೂ ಆಗಬಹುದು. ತಳದಲ್ಲಿ ಎರಡು ಬೆರಳು ಜಲ್ಲಿ, ಅದರ ಮೇಲೆ ಇದ್ದಲಿನ ಚೂರು, ಮೇಲೆ ಮಣ್ಣು. ಮಣ್ಣು ಹಿಂಡಿದ ಬಟ್ಟೆಯಷ್ಟು ತೇವವಾಗಿರಲಿ, ತೊಟ್ಟಿಕ್ಕಕೂಡದು. ಗಾಜು ದಿನವಿಡೀ ಮಂಜು ಕವಿದಿದ್ದರೆ ಕೆಲವು ಗಂಟೆ ಮುಚ್ಚಳ ತೆಗೆದಿಡಬೇಕು. ಒಂದು ಎಚ್ಚರಿಕೆ ಮಾತ್ರ ಅತ್ಯವಶ್ಯ: ಗಾಜಿನ ಪಾತ್ರೆಯ ಮೇಲೆ ನೇರ ಬಿಸಿಲು ಬೀಳಲೇಬಾರದು. ಬಿದ್ದರೆ ಒಳಗಿರುವ ಗಿಡ ಹಬೆಯಲ್ಲಿ ಬೆಂದ ಇಡ್ಲಿಯ ಸ್ಥಿತಿಯನ್ನು ಹೊಂದುವುದು.

ಗಾಜು ಬೇಡವೆನ್ನುವವರು ಸ್ಥಳವನ್ನು ಆರಿಸಿಕೊಳ್ಳಬೇಕು. ಕಿಟಕಿಯುಳ್ಳ ಬಚ್ಚಲುಮನೆ, ಬಟ್ಟೆ ಒಗೆಯುವ ಕಲ್ಲಿನ ಬದಿ, ಉತ್ತರದ ಜಗಲಿ, ಇವು ನಡುಮನೆಗಿಂತ ಎಷ್ಟೋ ಮೇಲು. ಪುಸ್ತಕ ಓದುವುದಕ್ಕೆ ದೀಪ ಬೇಡದಷ್ಟು ಬೆಳಕಿರಲಿ. ಎಳೆಬಿಸಿಲು ಸೋಸಿ ಬಂದರೆ ಬಾಧಕವಿಲ್ಲ. ನಾಲ್ಕಾರು ಕುಂಡಗಳನ್ನು ಒತ್ತಾಗಿಟ್ಟರೆ ಒಂದರ ಉಸಿರು ಇನ್ನೊಂದಕ್ಕೆ ಸಹಾಯವಾಗುವುದು. ನಮಗೆ ಎಲ್ಲಕ್ಕಿಂತ ಹಿಡಿಸಿದ ಕ್ರಮವೆಂದರೆ ಜೋಡಿಕುಂಡ. ಗಿಡವಿರುವ ಸಣ್ಣ ಮಣ್ಣಿನ ಕುಂಡವನ್ನು ಮತ್ತೊಂದು ದೊಡ್ಡ ಕುಂಡದೊಳಗಿಟ್ಟು, ನಡುವಿನ ಸಂದಿಗೆ ಮರಳು ತುಂಬಿ, ದಿನವೂ ಆ ಮರಳಿಗೆ ನೀರು ಹಾಕತಕ್ಕದ್ದು. ಮರಳಿನ ತಂಪು ಮಣ್ಣಿನ ಕುಂಡದ ಮೂಲಕ ಬೇರಿಗೆ ಬೇಕಾದಷ್ಟೇ ಹೋಗುವುದು, ಮೇಲೆ ಆವಿಯೂ ಏಳುವುದು. ಎರಡು ಕುಂಡಗಳಿಗೂ ತಳದಲ್ಲಿ ತೂತಿರಲೇಬೇಕು.

ಮಣ್ಣಿನ ವಿಚಾರದಲ್ಲಿ ಬಹಳ ಹೇಳಬೇಕಾದುದಿಲ್ಲ. ಚೆನ್ನಾಗಿ ಕೊಳೆತ ತರಗೆಲೆಯ ಗೊಬ್ಬರ ಎರಡು ಪಾಲು, ತೊಳೆದ ತೆಂಗಿನ ನಾರಿನ ಹುಡಿ ಒಂದು ಪಾಲು, ದಪ್ಪ ಮರಳೋ ಇಟ್ಟಿಗೆಯ ಚೂರೋ ಒಂದು ಪಾಲು. ನಾರಿನ ಹುಡಿಯಲ್ಲಿ ಉಪ್ಪಿನಂಶವಿರುವುದುಂಟಾದುದರಿಂದ ಎರಡು ಮೂರು ನೀರಿನಲ್ಲಿ ತೊಳೆಯದೆ ಹಾಕಬಾರದು. ಹಸಿಯ ಸಗಣಿ ಸರ್ವಥಾ ಕೂಡದು. ಇದರ ಕಾಂಡ ಮಣ್ಣಿನ ಮೇಲ್ಮೈಯಲ್ಲಿಯೇ ಹರಿದಾಡುವುದರಿಂದ ಆಳವಾಗಿ ಹುಗಿಯದೆ, ಅರ್ಧ ಕಾಣುವಂತೆ ನೆಡಬೇಕು. ಮಳೆಗಾಲದಲ್ಲಿ ತಿಂಗಳಿಗೊಮ್ಮೆ ದ್ರವಗೊಬ್ಬರವನ್ನು ಚೀಟಿಯಲ್ಲಿ ಬರೆದುದರ ಕಾಲುಭಾಗದಷ್ಟು ತೆಳ್ಳಗೆ ಮಾಡಿ ಕೊಟ್ಟರೆ ಸಾಕು; ಕೊಡದಿದ್ದರೂ ಅದೇನೂ ಸಿಟ್ಟಾಗುವುದಿಲ್ಲ.

ನೀರು ಕೊಡುವುದಕ್ಕೆ ಗಡಿಯಾರವನ್ನು ನೋಡಬಾರದು, ಬೆರಳನ್ನು ಕೇಳಬೇಕು. ಮಣ್ಣಿನ ಮೇಲ್ಭಾಗ ತೇವವಾಗಿದ್ದರೆ ಬೇಡ. ಆರುತ್ತ ಬಂದಿದೆಯೆಂದು ತೋರಿದ ಕೂಡಲೆ ಕೊಡಬೇಕು. ಪೂರ್ತಿ ಒಣಗಿಸಿ ಆಮೇಲೆ ಒಮ್ಮೆಗೇ ಮುಳುಗಿಸುವುದು ಹಸಿದ ಮಗುವಿಗೆ ಮೂರು ದಿನದ ಊಟವನ್ನು ಒಮ್ಮೆಗೇ ಬಡಿಸಿದಂತೆ. ಮಳೆಯ ನೀರು ಸಿಕ್ಕಿದರೆ ಅತ್ಯುತ್ತಮ. ಕೊಳವೆಬಾವಿಯ ಗಡಸುನೀರನ್ನೇ ಹಾಕುವವರ ಕುಂಡದ ಅಂಚಿನಲ್ಲಿ ಬಿಳಿಯ ಉಪ್ಪು ಕಟ್ಟುವುದು. ಅಂಥವರು ತಿಂಗಳಿಗೊಮ್ಮೆಯಾದರೂ ಮಳೆನೀರನ್ನೋ ಶೋಧಿಸಿದ ನೀರನ್ನೋ ಧಾರಾಳವಾಗಿ ಹೊಯ್ದು, ತಳದಿಂದ ಹರಿದುಹೋಗುವಂತೆ ಮಾಡಬೇಕು. ತಟ್ಟೆಯಲ್ಲಿ ನಿಂತ ನೀರನ್ನು ಚೆಲ್ಲಬೇಕು.

ಒಂದು ತಮಾಷೆಯ ಪ್ರಸಂಗವನ್ನು ಇಲ್ಲಿ ಹೇಳದಿರಲಾರೆವು. ನಮ್ಮ ನೆರೆಯವರೊಬ್ಬರು ತಮ್ಮ ಜರೀಗಿಡದ ಎಲೆಯ ಕೆಳಗೆ, ಅಂಚಿನಲ್ಲಿ, ಸಾಲಾಗಿ ಕಂದುಬಣ್ಣದ ಗಂಟುಗಳನ್ನು ಕಂಡು ಹುಳು ಬಿದ್ದಿತೆಂದು ಗಾಬರಿಯಾಗಿ ಒಂದೊಂದನ್ನೇ ಉಗುರಿನಿಂದ ಕೆರೆದು ತೆಗೆದರು. ಉಳಿದವಕ್ಕೆ ಕೀಟನಾಶಕ ಹೊಡೆದರು. ಹುಳುವಲ್ಲ, ಅದು ಗಿಡದ ಸಂತಾನ! ಜರೀಗಿಡಕ್ಕೆ ಹೂವೂ ಇಲ್ಲ, ಬೀಜವೂ ಇಲ್ಲ. ಅಡಿಯಾಂಟಂನಲ್ಲಿ ಎಲೆಯ ಅಂಚು ಸೀರೆಯ ಸೆರಗಿನಂತೆ ಕೆಳಕ್ಕೆ ಮಡಿಚಿಕೊಂಡು, ಆ ಮಡಿಕೆಯೊಳಗೆ ಬೀಜಾಣುಗಳನ್ನು ಕಾಪಾಡುವುದು. ಕ್ರಮವಾಗಿ ಅಂಚಿನಲ್ಲಿಯೇ ಇದ್ದರೆ ಅದು ಬೀಜಾಣು. ಕಡ್ಡಿಯ ಮೇಲೆ, ಎಲೆಯ ನಡುವೆ ಅಡ್ಡಾದಿಡ್ಡಿಯಾಗಿದ್ದರೆ ಹುಳು. ಹುಳುವಾದರೂ ಔಷಧ ಹೊಡೆಯದೆ ಒದ್ದೆ ಹತ್ತಿಯಿಂದ ಒರೆಸುವುದೇ ಲೇಸು. ಎಳೆಯ ಎಲೆ ಕೀಟನಾಶಕಗಳನ್ನು ತಾಳಲಾರದು.

ಆ ಬೀಜಾಣುವಿನ ಕಥೆ ಇನ್ನೂ ಸ್ವಾರಸ್ಯವಾದುದು. ಅದು ಒದ್ದೆಮಣ್ಣಿನ ಮೇಲೆ ಬಿದ್ದರೆ ನೇರವಾಗಿ ಜರೀಗಿಡವಾಗುವುದಿಲ್ಲ. ಕೆಲವೇ ಮಿಲಿಮೀಟರು ಅಗಲದ ಒಂದು ಹಸುರು ಪೊರೆಯಾಗುವುದು, ಅದೂ ಹೃದಯದ ಆಕಾರದಲ್ಲಿ. ಸ್ತ್ರೀಪುರುಷ ಬೀಜಗಳು ಹುಟ್ಟುವುದು ಆ ಪೊರೆಯಲ್ಲಿ. ಪುರುಷಬೀಜ ನೀರಿನ ತೆಳುವಾದ ಪದರದಲ್ಲಿ ಈಜಿಕೊಂಡು ಹೋಗಿ ಇನ್ನೊಂದನ್ನು ಸೇರಬೇಕು. ಈ ಗಿಡದ ವಿವಾಹಕ್ಕೂ ನೀರೇ ಸಾಕ್ಷಿಯೆಂದಾಯಿತು! ಗಿಡದ ಒಂದು ತಲೆಮಾರು ಜರಿ, ಮರುತಲೆಮಾರು ಪೊರೆ, ಮತ್ತೆ ಜರಿ ಎಂಬ ಈ ಕ್ರಮವನ್ನು 1851ರಲ್ಲಿ ವಿಶದಪಡಿಸಿದವನು ವಿಲ್ಹೆಲ್ಮ್ ಹಾಫ್ಮೈಸ್ಟರ್. ಜರ್ಮನಿಯ ಲೈಪ್‌ಜಿಗ್ ನಗರದಲ್ಲಿ ತಂದೆಯ ಪುಸ್ತಕ ಸಂಗೀತಗಳ ವ್ಯಾಪಾರವನ್ನು ನೋಡಿಕೊಳ್ಳುತ್ತ, ವಿಶ್ವವಿದ್ಯಾನಿಲಯದ ಮೆಟ್ಟಿಲು ಹತ್ತದೆ ತಾನೇ ಕಲಿತವನು. ಉಪಾಧ್ಯಾಯ ವೃತ್ತಿಯವರಾದ ನಮಗೆ ಇದು ಸ್ವಲ್ಪ ಮುಜುಗರದ ಸಂಗತಿಯಾದರೂ ಹೇಳಲೇಬೇಕು.

ಇನ್ನು ನಮ್ಮ ಮೂರನೆಯ ಕುಂಡ. ಶಿವರಾತ್ರಿ ಕಳೆದ ಮೇಲೆ ಅದರ ಎಲೆ ಒಂದೊಂದಾಗಿ ಒಣಗತೊಡಗಿತು. ಈ ಸಲ ಬಿಸಿಲಿಲ್ಲ, ನೀರಿನ ಅತಿಯಿಲ್ಲ. ಆದರೂ ಯುಗಾದಿಯ ಹೊತ್ತಿಗೆ ಕರಿಯ ಕಡ್ಡಿಗಳು ಮಾತ್ರ ಉಳಿದವು, ಆಮೇಲೆ ಅವೂ ಮುರಿದುಹೋದವು. ಅಪ್ಪಯ್ಯನ ಬಾವಿಯದು ಏನೂ ಉಳಿಯಲಿಲ್ಲವೆಂದು ನಿಶ್ಚಯಿಸಿ, ಮಣ್ಣನ್ನು ತುಳಸೀಕಟ್ಟೆಗೆ ಸುರಿಯಲು ಹೊರಟಿದ್ದೆವು. ನಮ್ಮ ಮನೆಯವರು ತಡೆದು, ‘ಅತ್ತಿಗೆ ಬರುವವರೆಗೆ ಇರಲಿ’ ಎಂದು ಕುಂಡವನ್ನು ಬಟ್ಟೆ ಒಗೆಯುವ ಕಲ್ಲಿನ ಬದಿಗೆ, ನಲ್ಲಿಯ ಸಿಡಿನೀರು ಆಗಾಗ ತಾಕುವ ಕಡೆ ಸರಿಸಿಟ್ಟರು.

2022ರ ಮೇ ತಿಂಗಳಲ್ಲಿ ಮೊಮ್ಮಗನ ಉಪನಯನಕ್ಕೆ ಅಕ್ಕ ಬಂದಳು. ಬಂದವಳು ಕಾಲು ತೊಳೆದುಕೊಂಡು ನೆಟ್ಟಗೆ ಹಿತ್ತಲಿಗೆ ಹೋದಳು. ನಾವು ಹಿಂದೆ ಹಿಂದೆ ಹೋಗಿ, ಇನ್ನು ಮುಚ್ಚಿಡುವುದರಲ್ಲಿ ಅರ್ಥವಿಲ್ಲವೆಂದು, ಎರಡನ್ನು ಕೊಂದುದನ್ನೂ ಮೂರನೆಯದು ಸತ್ತುದನ್ನೂ ಪ್ರತಿ ಭಾನುವಾರ ಹೇಳಿದ ಸುಳ್ಳನ್ನೂ ಒಂದೇ ಉಸಿರಿನಲ್ಲಿ ಒಪ್ಪಿಸಿದೆವು. ಅವಳು ಕುಕ್ಕರಗಾಲಿನಲ್ಲಿ ಕುಳಿತು, ಬೆರಳಿನಿಂದ ಮಣ್ಣನ್ನು ಸ್ವಲ್ಪ ಕೆದಕಿ, ಬುಡವನ್ನು ಒತ್ತಿ ನೋಡಿದಳು.

‘ಇದು ಸತ್ತಿಲ್ಲ ಮಾರಾಯಾ, ಮಲಗಿದೆ. ಬುಡ ಗಟ್ಟಿಯಾಗಿಯೇ ಇದೆ.’

‘ಎಲೆ ಒಂದೂ ಇಲ್ಲವಲ್ಲ ಅಕ್ಕಾ?’

‘ಬಾವಿಯಲ್ಲೂ ಹಾಗೆಯೇ. ನೀರಿನ ಹತ್ತಿರದ್ದು ಹಸುರಾಗಿರುತ್ತಿತ್ತು. ಮೇಲಿನ ವರಸೆಯದು ಪ್ರತಿ ವರ್ಷ ಬೇಸಗೆಯಲ್ಲಿ ಒಣಗುತ್ತಿತ್ತು, ಮಳೆ ಹಿಡಿದರೆ ಚಿಗುರುತ್ತಿತ್ತು. ನೀನು ರಜಕ್ಕೆ ಬಂದಾಗ ಬಾವಿಯ ಕಡೆ ಯಾವಾಗ ನೋಡಿದ್ದೀ? ಮಾವಿನ ಮರದ ಕಡೆಯೇ ಅಲ್ಲವೇನೋ ನಿನ್ನ ಕಣ್ಣು?’

ಆ ಮಾತಿಗೆ ನಮ್ಮ ಹತ್ತಿರ ಉತ್ತರವಿರಲಿಲ್ಲ. ಸುಳ್ಳಿನ ವಿಚಾರವನ್ನು ಅವಳು ಎತ್ತಲೇ ಇಲ್ಲ. ರಾತ್ರಿ ಊಟಕ್ಕೆ ಬಡಿಸುವಾಗ ಮಾತ್ರ, ‘ಚೆನ್ನಾಗಿದೆಯಾ?’ ಎಂದು ಸಾರನ್ನು ಕುರಿತು ಕೇಳುತ್ತ, ‘ನಿಜ ಹೇಳು ಮತ್ತೆ’ ಎಂದು ಸೇರಿಸಿದಳು.

ಜೂನ್ ತಿಂಗಳ ಎರಡನೆಯ ವಾರದಲ್ಲಿ ಕುಂಡದಲ್ಲಿ ಮೊದಲನೆಯ ಚಿಗುರು ಕಂಡಿತು. ವೀಣೆಯ ತುದಿಯಂತೆ ಸುರುಳಿ ಸುತ್ತಿಕೊಂಡು, ತಲೆಕೂದಲಿನಷ್ಟು ಸಣ್ಣಗಿದ್ದಿತು. ಅಕ್ಕನಿಗೆ ಟೆಲಿಫೋನು ಮಾಡಿದೆವು, ಅಂದು ಭಾನುವಾರವಾಗಿರಲಿಲ್ಲ.

ಈ ನಿದ್ರೆಯ ವಿಚಾರದಲ್ಲಿ ವಾಚಕರು ಒಂದು ಭೇದವನ್ನು ತಿಳಿದಿರಬೇಕು. ಬೇಸಗೆಯಲ್ಲಿ ಎಲೆಯನ್ನು ಬಿಟ್ಟು ಮಲಗುವುದು ನಮ್ಮ ನಾಡಿನ ಹಂಸಪಾದಿಯ ಸ್ವಭಾವ. ಆಗ ಅದಕ್ಕೆ ನೆರಳು ಸಾಕು. ಮಣ್ಣು ಬೂದಿಯಂತೆ ಒಣಗದಿರಲೆಂದು ನಾಲ್ಕೈದು ದಿನಕ್ಕೊಮ್ಮೆ ಒಂದು ಕೈ ನೀರು ಚಿಮುಕಿಸಬೇಕು, ಅಷ್ಟೆ. ಎಲೆಯಿಲ್ಲದ ಬುಡಕ್ಕೆ ಹೆಚ್ಚು ನೀರು ಕೊಟ್ಟರೆ ಕುಡಿಯುವವರಾರು? ಅಂಗಡಿಗಳಲ್ಲಿ ಸಾಮಾನ್ಯವಾಗಿ ದೊರೆಯುವ, ಸೋದರಿಯವರು ತಂದಿರಬಹುದಾದ ಜಾತಿ ಬೇರೆ. ಅದು ದಕ್ಷಿಣ ಅಮೆರಿಕದ್ದು, ಅಡಿಯಾಂಟಂ ರಾಡಿಯಾನಂ ಎಂದು ಹೆಸರು. ತೇವ ದೊರೆಯುತ್ತಿದ್ದರೆ ಅದು ವರ್ಷವಿಡೀ ಹಸುರಾಗಿರುವುದು, ಮಲಗುವ ಅಭ್ಯಾಸವಿಲ್ಲ. ಒಣಗಿತೆಂದರೆ ತೊಂದರೆಯಲ್ಲಿದೆಯೆಂದೇ ಅರ್ಥ. ಹಾಗಿದ್ದರೂ ಕೂಡಲೆ ಎಸೆಯಕೂಡದು. ಒಣಗಿದ ಕಡ್ಡಿಗಳನ್ನೆಲ್ಲ ಬುಡದಿಂದ ಒಂದೆರಡು ಬೆರಳು ಬಿಟ್ಟು ಕತ್ತರಿಸಿ, ಬುಡವನ್ನು ಒತ್ತಿ ನೋಡಬೇಕು. ಮೆತ್ತಗಾಗಿ ವಾಸನೆ ಬಂದರೆ ಹೋಯಿತು. ಗಟ್ಟಿಯಾಗಿದ್ದರೆ ಹೊಸ ಮಣ್ಣಿಗೆ ಬದಲಾಯಿಸಿ, ಹದವಾದ ತೇವ ಕೊಟ್ಟು, ಮೇಲೊಂದು ಗಾಜಿನ ಜಾಡಿ ಕವುಚಿ ನೆರಳಿನಲ್ಲಿಡಬೇಕು. ಕೆಲವು ವಾರಗಳಲ್ಲಿ ಸುರುಳಿಯ ಚಿಗುರು ಕಾಣಿಸಬಹುದು. ಸೋದರಿಯವರು ತಮ್ಮ ಕುಂಡವನ್ನು ಇನ್ನೂ ಬರಿದು ಮಾಡಿಲ್ಲವೆಂದು ನಾವು ಆಶಿಸುತ್ತೇವೆ.

ಪ್ರವಾಸ ಹೊರಡುವವರಿಗೆ ಒಂದು ಮಾತು. ಬಕೆಟ್ಟಿನಲ್ಲಿ ನೀರಿಟ್ಟು, ಅದರಿಂದ ಕುಂಡದ ಮಣ್ಣಿಗೆ ಹತ್ತಿಯ ದಪ್ಪ ಬತ್ತಿಯೊಂದನ್ನು ಎಳೆದು ಬಚ್ಚಲುಮನೆಯಲ್ಲಿಟ್ಟರೆ ಒಂದು ವಾರ ನಿಶ್ಚಿಂತೆ. ಪಕ್ಕದ ಮನೆಯ ಹುಡುಗರಿಗೆ ಒಪ್ಪಿಸುವುದಕ್ಕಿಂತ ಈ ಬತ್ತಿ ಹೆಚ್ಚು ನಂಬಿಕೆಗೆ ಅರ್ಹ.

ಬುಡ ತುಂಬಿಕೊಂಡ ಗಿಡವನ್ನು ಮಳೆಗಾಲದ ಮೊದಲಲ್ಲಿ ಹರಿತವಾದ ಚಾಕುವಿನಿಂದ, ಒಂದೊಂದು ಭಾಗಕ್ಕೂ ಬೇರು ಚಿಗುರುಗಳು ಬರುವಂತೆ ಸೀಳಿ ಬೇರೆ ಬೇರೆ ನೆಡಬಹುದು. ಹಂಸಪಾದಿಯಾದರೋ ನಮ್ಮ ಕೈಯನ್ನು ಕಾಯುವುದೇ ಇಲ್ಲ. ಅದರ ಉದ್ದವಾದ ಎಲೆ ಬಾಗಿ ನೆಲವನ್ನು ಮುಟ್ಟಿದರೆ ಆ ತುದಿಯಲ್ಲಿಯೇ ಬೇರು ಬಿಟ್ಟು ಹೊಸ ಗಿಡವಾಗುವುದು. ಅದರ ಎಲೆ ಮುಂದಕ್ಕೆ ಬಾಗಿ ಮತ್ತೊಂದು. ಹೀಗೆ ಹೆಜ್ಜೆಯಿಡುತ್ತ ನಡೆಯುವುದನ್ನು ನೋಡಿದರೆ ಹಂಸದ ಪಾದವೆಂಬ ಹೆಸರು ಎಲೆಯ ಆಕಾರದಿಂದ ಬಂದಿತೋ ಈ ನಡಿಗೆಯಿಂದಲೋ ಎಂದು ನಮಗೆ ಅನುಮಾನವಾಗುವುದು. ಪಕ್ಕದಲ್ಲಿ ಒದ್ದೆಮಣ್ಣಿನ ಸಣ್ಣ ಬಟ್ಟಲನ್ನಿರಿಸಿ ಎಲೆಯ ತುದಿಯನ್ನು ಒಂದು ಕಲ್ಲಿನ ಚೂರಿನಿಂದ ಅದರ ಮೇಲೆ ಒತ್ತಿಟ್ಟರೆ ಸಾಕು. ಬೇರೂರಿದ ಮೇಲೆ ತಾಯಿಯಿಂದ ಕತ್ತರಿಸಿ ಬೇರೆ ಮಾಡಬೇಕು.

ಈ ರೀತಿಯಲ್ಲಿ ನಮ್ಮ ಬಟ್ಟೆ ಒಗೆಯುವ ಕಲ್ಲಿನ ಸುತ್ತ ಈಗ ಹನ್ನೊಂದು ಕುಂಡಗಳಾಗಿವೆ. ಅವುಗಳಲ್ಲಿ ನಾಲ್ಕು ಅಕ್ಕನ ಮಕ್ಕಳ ಮನೆಗಳಿಗೆ ಹೋಗತಕ್ಕವು. ಎರಡನ್ನು ಅಕ್ಕ ತನಗೆಂದು ಗುರುತು ಹಾಕಿರುವಳು. ಉಳಿದುದರಲ್ಲಿ ಮೂರನ್ನು ಕೊಡಲು ಅಡ್ಡಿಯಿಲ್ಲ. ಮೈಸೂರಿನ ಆಸುಪಾಸಿನ ವಾಚಕರು ಪತ್ರಿಕೆಯ ವಿಳಾಸಕ್ಕೆ ಕಾಗದ ಬರೆದರೆ ಮೊದಲು ಬರೆದವರಿಗೆ ಮೊದಲೆಂಬ ನಿಯಮದಂತೆ ಕೊಡುವೆವು. ಕುಂಡವನ್ನು ಅವರೇ ತರತಕ್ಕದ್ದು. ತಳದಲ್ಲಿ ತೂತಿದೆಯೇ ಎಂದು ಮನೆಯಲ್ಲಿಯೇ ನೋಡಿಕೊಂಡು ಬರಲಿ.